ಹಾರ್ನ್ ಹೊಡೆಯದ ಊರಿನಲ್ಲಿ ಎಲ್ ಬೋರ್ಡು

ರಾಯಚೂರು ಕೋಟೆಯ ಗೋಡೆಯಲ್ಲಿ 41 ಅಡಿ ಉದ್ದದ ಒಂದೇ ಕಲ್ಲಿದೆ. ಅದರ ಮೇಲೆ ಕಾಕತೀಯರ ಕಾಲದ, 1294ರ ಶಾಸನ. ಶಾಸನ ಓದಲು ನನಗೆ ಬಾರದು, ಅಲ್ಲೇ ಕೊರೆದ ಚಿತ್ರ ಓದಬಲ್ಲೆ. ಇಂಥ ಕಲ್ಲನ್ನು ಗಟ್ಟಿ ಗಾಲಿಯ ಬಂಡಿಯ ಮೇಲೆ ಹೇರಿದ್ದಾರೆ, ಸಾಲುಗಟ್ಟಿದ ಕೋಣಗಳು ಎಳೆಯುತ್ತಿವೆ, ಕೆಲವರು ಕೋಣಗಳನ್ನು ಅಬ್ಬರಿಸಿ ಓಡಿಸುತ್ತಿದ್ದಾರೆ, ಇನ್ನು ಕೆಲವರು ಗಾಲಿಗೆ ಸನ್ನೆಗೋಲು ಕೊಟ್ಟು ನೂಕುತ್ತಿದ್ದಾರೆ. ಅವರನ್ನು ಯಾರೂ ಲೈಸೆನ್ಸ್ ಕೇಳಿರಲಿಕ್ಕಿಲ್ಲ. ನಮ್ಮ ಸೋದರಮಾವ ನನಗೆ ಕಲಿಸಿದ ವಿದ್ಯೆಯೂ ಹೆಚ್ಚುಕಡಿಮೆ ಅದೇ ಪರಂಪರೆಯದು: ಸಪ್ಪಳ ಮಾಡಬೇಕು, ಮುಂದೆ ಹೋಗಬೇಕು, ನಡುವೆ ನಿಲ್ಲಬಾರದು.

ನಮ್ಮದು ಮಾನ್ವಿ, ಮಾವನ ಊರು ದೇವದುರ್ಗ. ಭತ್ತ ಕೊಯ್ದ ಗದ್ದೆಯಲ್ಲಿ ಟ್ರ್ಯಾಕ್ಟರ್‌ನ ಸ್ಟಿಯರಿಂಗ್ ಹಿಡಿಸಿ, ಆಮೇಲೆ ತನ್ನ ಹಳೇ ಮಾರುತಿಯಲ್ಲಿ ಕೂರಿಸಿ, ಗಬ್ಬೂರಿನ ಕಡೆ ರಸ್ತೆಗೆ ತಂದ. ಸುಗ್ಗಿಯ ದಿನಗಳಲ್ಲಿ ಆ ರಸ್ತೆ ಅರ್ಧ ರಸ್ತೆ, ಅರ್ಧ ಕಣ. ರೈತರು ತೊಗರಿ ಕಟ್ಟಿಗೆಯನ್ನು ಡಾಂಬರಿನ ಮೇಲೆ ಹಾಸಿ, ಅಂಚಿಗೆ ಕಲ್ಲಿಟ್ಟು, ಬೇವಿನ ಮರದ ನೆರಳಲ್ಲಿ ಕೂತಿರುತ್ತಾರೆ. ಒಕ್ಕುವ ಕೆಲಸ ಹೋಗಿಬರುವ ಗಾಡಿಗಳದ್ದು. ಗಾಲಿಯ ಕೆಳಗೆ ಕಾಯಿ ಚಟಚಟ ಒಡೆಯುತ್ತವೆ, ಕಾರು ಮೆಲ್ಲಗೆ ಜಾರಿದಂತಾಗುತ್ತದೆ. ನಾನು ಬ್ರೇಕಿಗೆ ಕಾಲು ಒಯ್ದರೆ ಮಾವ ಗದರುತ್ತಿದ್ದ: “ಬ್ರೇಕ್ ಯಾಕ ಒತ್ತತಿ? ಹಾರ್ನ್ ಹೊಡ್ಕೋತ ನಡಿಯವ್ವ, ಅವರೇ ಸರೀತಾರ.” ಅವರು ಸರಿಯುತ್ತಿದ್ದರು ಅನ್ನುವುದೂ ನಿಜ. ಟಂಟಂ, ಹತ್ತಿ ಹೇರಿದ ಲಾರಿ, ಕೂಲಿ ಹೆಣ್ಣುಮಕ್ಕಳನ್ನು ತುಂಬಿಕೊಂಡ ಕ್ರೂಸರ್, ಎಲ್ಲರೂ ಎಲ್ಲರಿಗೂ ಅಂಗೈಯಷ್ಟು ಜಾಗ ಬಿಟ್ಟು ದಾಟಿಹೋಗುತ್ತಿದ್ದರು. ಕನ್ನಡಿ? ಯಾರಿಗಾದರೂ ತಾಗಿ ಮುರಿದೀತೆಂದು ಮಾವ ಎಡಗಡೆಯದನ್ನು ಮಡಚಿಯೇ ಇಟ್ಟಿದ್ದ.

ಮೊದಲು ಎಲ್‌ಎಲ್‌ಆರ್, ಆಮೇಲೆ ರಾಯಚೂರಿನಲ್ಲಿ ಪರೀಕ್ಷೆ. ಕೆಎ-36 ಅಂತ ಶುರುವಾಗುವ ನಂಬರಿನ ಕಾರ್ಡು ಮನೆಗೆ ಬಂದಾಗ ಅವ್ವ ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದಳು. ಮದುವೆಯಾಗಿ ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ಗೆ ಹೊರಟಾಗ ಪಾಸ್‌ಪೋರ್ಟಿನ ಜೊತೆ ಅದೂ ಬಂತು, ಮೂಲೆಯ ಕೆಂಪು ಕಲೆಯ ಸಮೇತ.

ಮಿಲ್ಟನ್ ಕೀನ್ಸ್ 1967ರಲ್ಲಿ ಹೊಸದಾಗಿ ಯೋಜಿಸಿದ ಊರು. ಚೌಕಳಿಯಂತೆ ರಸ್ತೆ ಹಾಕಿ, ಅವು ಕೂಡುವಲ್ಲೆಲ್ಲ ಒಂದೊಂದು ರೌಂಡಬೌಟ್ ಇಟ್ಟಿದ್ದಾರೆ, ನೂರರ ಮೇಲಿವೆ. ನಮ್ಮ ರಾಯಚೂರಿನ ತೀನ್ ಕಂದೀಲ್ ವೃತ್ತದಲ್ಲಿ ಗಾಡಿ ತಿರುಗಿಸಿದವರಿಗೆ ಇದೇನು ಮಹಾ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಅಲ್ಲಿಯೂ ಎಡಕ್ಕೇ ಚಲಿಸುವುದು, ಸ್ಟಿಯರಿಂಗ್ ಬಲಕ್ಕೇ ಇರುವುದು. ಭಾರತದ ಲೈಸೆನ್ಸ್ ಇದ್ದವರು ಅಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಅದರ ಮೇಲೆಯೇ ಕಾರು ಓಡಿಸಬಹುದು. ಹದಿಮೂರನೆಯ ತಿಂಗಳು ಅದೇ ಮನುಷ್ಯ, ಅದೇ ಕಾರು, ಅದೇ ರಸ್ತೆ, ಆದರೆ ಏನೂ ಬಾರದವರ ಸಾಲಿಗೆ ಸೇರುತ್ತೇವೆ. ಜಪಾನ್, ಆಸ್ಟ್ರೇಲಿಯಾ, ಸಿಂಗಪುರದವರು ತಮ್ಮ ಕಾರ್ಡು ಕೊಟ್ಟು ಬ್ರಿಟನ್ನಿನದನ್ನು ಬದಲಿಗೆ ಪಡೆಯುತ್ತಾರೆ. ಆ ಪಟ್ಟಿಯಲ್ಲಿ ಭಾರತ ಇಲ್ಲ. ಹಾಗಾಗಿ ಪ್ರಾವಿಷನಲ್, ಅಂದರೆ ಅಲ್ಲಿನ ಕಲಿಕೆಯ ಲೈಸೆನ್ಸ್, ತೆಗೆದುಕೊಂಡು, ಕಾರಿನ ಹಿಂದೆ ಮುಂದೆ ಕೆಂಪು ಎಲ್ ಅಂಟಿಸಿಕೊಂಡೆ. ಫೋನಿನಲ್ಲಿ ಮಾವ, “ಏನವ್ವ, ಅಲ್ಲಿ ಮತ್ತ ಒಂದನೇ ಇಯತ್ತೇನು?” ಅಂತ ನಕ್ಕ.

ಮೊದಲು ಥಿಯರಿ. 50 ಪ್ರಶ್ನೆ, 43 ಸರಿ ಇರಬೇಕು. 2014ರ ಏಪ್ರಿಲ್‌ಗೆ ಮುಂಚೆ ಈ ಪರೀಕ್ಷೆಯನ್ನು ಹಿಂದಿ, ಉರ್ದು, ತಮಿಳು, ಗುಜರಾತಿ ದನಿಯಲ್ಲಿ ಕೇಳಿಸಿಕೊಂಡು ಬರೆಯಬಹುದಿತ್ತಂತೆ. ಕನ್ನಡ ಆಗಲೂ ಇರಲಿಲ್ಲ. ಪ್ರಶ್ನೆಗಳದ್ದೇನೂ ತೊಂದರೆಯಿಲ್ಲ, ಬಾಯಿಪಾಠದಲ್ಲಿ ನಾವು ಯಾರಿಗೂ ಸೋಲುವವರಲ್ಲ. ಮೂವತ್ತು ಮೈಲಿ ವೇಗದಲ್ಲಿದ್ದ ಕಾರು ಪೂರ್ತಿ ನಿಲ್ಲಲು 23 ಮೀಟರ್ ಬೇಕು, ಎಪ್ಪತ್ತರಲ್ಲಿದ್ದರೆ 96 ಮೀಟರ್. ಮಗ್ಗಿಯಂತೆ ಒಪ್ಪಿಸಿದೆ.

ಫಜೀತಿ ಎದುರಾಗಿದ್ದು ಅದರ ಎರಡನೇ ಭಾಗದಲ್ಲಿ. ರಸ್ತೆಯ ಸಣ್ಣ ಸಣ್ಣ ವಿಡಿಯೊ ತೋರಿಸುತ್ತಾರೆ. ಅಪಾಯವೊಂದು ರೂಪುಗೊಳ್ಳುತ್ತಿದೆ ಅನ್ನಿಸಿದ ಕೂಡಲೇ ಮೌಸ್ ಒತ್ತಬೇಕು. ಬೇಗ ಕಂಡರೆ ಐದು ಅಂಕ, ತಡವಾದಷ್ಟೂ ಕಡಿಮೆ. ಸುಮ್ಮನೆ ಒತ್ತುತ್ತಲೇ ಇದ್ದರೆ ಆ ವಿಡಿಯೊಗೆ ಸೊನ್ನೆ. ಮಾನ್ವಿಯವರ ಕಣ್ಣಿಗೆ ಇದೆಂಥ ಪರೀಕ್ಷೆ ಹೇಳಿ! ನಮಗೆ ರಸ್ತೆಯೆಂದರೆ ರೂಪುಗೊಂಡೇ ಇರುವ ಅಪಾಯ. ನಿಂತ ವ್ಯಾನಿನ ಹಿಂದಿನಿಂದ ಹುಡುಗ ಬಂದೇ ಬರುತ್ತಾನೆಂದು ಅಭ್ಯಾಸಕ್ಕೆ ಕೂತಾಗಲೆಲ್ಲ ಒತ್ತುತ್ತಿದ್ದೆ, ಅವನು ಬರುತ್ತಿರಲಿಲ್ಲ. ಮುದುಕಿಯೊಬ್ಬಳು ಫುಟ್‌ಪಾತಿನ ಮೇಲಿದ್ದರೆ ನಡುರಸ್ತೆಗೆ ಇಳಿದಾಳೆಂದು ಒತ್ತಿದರೆ, ಆಕೆ ಜೀಬ್ರಾ ಪಟ್ಟಿಯವರೆಗೆ ನಡೆದುಹೋಗಿ ಅಲ್ಲಿ ಕಾಯುತ್ತಿದ್ದಳು. ನಂಬುವುದನ್ನೂ ಕಲಿಯಬೇಕಾಯಿತು, ಅದು ಕ್ಲಚ್ಚಿಗಿಂತ ಕಷ್ಟ.

ಕಲಿಸಲು ಬಂದ ಮೇಷ್ಟ್ರು ಬಸ್ ಓಡಿಸಿ ನಿವೃತ್ತರಾದ ಇಂಗ್ಲಿಷರು. ಮಿತಭಾಷಿ. ರೌಂಡಬೌಟಿನ ಬಾಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು. 1966ರಿಂದ ಬ್ರಿಟನ್ನಿನಲ್ಲಿ ಅದು ಕಾನೂನು. ನಾನು ನಿಲ್ಲಬೇಕಾದಲ್ಲಿ ನಿಲ್ಲುತ್ತಿದ್ದೆ, ಆದರೆ ಮೂಗು ತೂರಿಸಿ ನಿಲ್ಲುತ್ತಿದ್ದೆ. “ನಿಮ್ಮ ಕಾರು ಜಗಳಕ್ಕೆ ನಿಂತಂತಿದೆ,” ಅಂದರು ಅವರು. ಹಾರ್ನಿನ ಮೇಲೆ ಅಂಗೈ ಇಟ್ಟುಕೊಂಡೇ ಇರುತ್ತೇನೆಂದು ಅವರು ಹೇಳುವ ತನಕ ನನಗೆ ಗೊತ್ತಿರಲಿಲ್ಲ. ಅಲ್ಲಿ ಊರೊಳಗೆ ರಾತ್ರಿ ಹನ್ನೊಂದೂವರೆಯಿಂದ ಬೆಳಗಿನ ಏಳರವರೆಗೆ ಹಾರ್ನ್ ನಿಷಿದ್ಧ, ಹಗಲಿನಲ್ಲೂ ಹೊಡೆದರೆ ಬೈದ ಲೆಕ್ಕ.

ಇಷ್ಟು ಶಿಸ್ತು ಅಲ್ಲಿಯವರ ರಕ್ತದಲ್ಲೇ ಇದೆಯೆಂದು ನಮ್ಮವರು ಹೊಗಳುವುದನ್ನು ಕೇಳಿದ್ದೇನೆ. ಒಪ್ಪಲಾರೆ. ಬ್ರಿಟನ್ನಿನಲ್ಲಿ ಲೈಸೆನ್ಸ್ ಬಂದಿದ್ದು 1904ರ ಜನವರಿಯಲ್ಲಿ. ಬೆಲೆ ಐದು ಶಿಲಿಂಗ್, ಪರೀಕ್ಷೆ ಇಲ್ಲ. ದುಡ್ಡು ಕೊಟ್ಟವನಿಗೆಲ್ಲ ಚೀಟಿ. ಮೂವತ್ತು ವರ್ಷ ಹಾಗೇ ನಡೆಯಿತು. 1934ರಲ್ಲಿ ಅಲ್ಲಿದ್ದ ಗಾಡಿಗಳು ಸುಮಾರು 24 ಲಕ್ಷ, ರಸ್ತೆಯಲ್ಲಿ ಸತ್ತವರು ಏಳು ಸಾವಿರಕ್ಕೂ ಹೆಚ್ಚು. ಆಗ ಗಾಬರಿಬಿದ್ದು 1935ರ ಜೂನ್ 1ರಿಂದ ಪರೀಕ್ಷೆ ಕಡ್ಡಾಯ ಮಾಡಿದರು. ಇಂದು ಗಾಡಿಗಳು ನಾಲ್ಕು ಕೋಟಿ ದಾಟಿವೆ, ವರ್ಷಕ್ಕೆ ಸಾಯುವವರು ಎರಡು ಸಾವಿರದೊಳಗೆ. ರಸ್ತೆ, ಕಾರು, ಆಸ್ಪತ್ರೆ ಎಲ್ಲ ಸುಧಾರಿಸಿದ್ದೂ ಇದರಲ್ಲಿ ಸೇರಿದೆ, ಆದರೆ ಚೀಟಿಗೆ ಮೊದಲು ಪರೀಕ್ಷೆ ಅನ್ನುವ ಹಟವೂ ಸೇರಿದೆ.

ಅದೇ ಕಾಲದಲ್ಲಿ ನಮ್ಮ ಕಡೆ ಏನಿತ್ತು? ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1932ರಲ್ಲಿ ನಿಜಾಮರ ರೈಲ್ವೆಯೇ 27 ಬಸ್ಸುಗಳನ್ನು ರಸ್ತೆಗಿಳಿಸಿತು. ಆಲ್ಬಿಯನ್ ಕಂಪನಿಯ ಆ ಬಸ್ಸುಗಳು ಬಂದಿದ್ದು ಸ್ಕಾಟ್ಲೆಂಡಿನಿಂದ. ಯಂತ್ರ ಅಲ್ಲಿಂದ ಇಲ್ಲಿಗೆ ಬಂತು, ಡ್ರೈವರುಗಳಾದ ನಾವು ತೊಂಬತ್ತು ವರ್ಷ ತಡವಾಗಿ ಅಲ್ಲಿಗೆ ಹೋದೆವು.

ಪ್ರಾಕ್ಟಿಕಲ್ ಪರೀಕ್ಷೆ ಸುಮಾರು ನಲವತ್ತು ನಿಮಿಷ. ಸಣ್ಣ ತಪ್ಪು ಹದಿನೈದರವರೆಗೆ ಮಾಫಿ, ದೊಡ್ಡದು ಒಂದಾದರೂ ಮನೆಗೆ. ಪರೀಕ್ಷಕಿ ಪಕ್ಕದಲ್ಲಿ ಟ್ಯಾಬ್ ಹಿಡಿದು ಕೂತಿದ್ದರು. ನಾನು ಕನ್ನಡಿ ನೋಡಿದೆನೋ ಇಲ್ಲವೋ ಎಂದು ಅವರು ನನ್ನ ಕಣ್ಣುಗುಡ್ಡೆಯನ್ನೇ ನೋಡುತ್ತಿದ್ದರು. ಪಾಸಾದೆ. ಅವ್ವನಿಗೆ ಹೇಳಿದಾಗ, “ಮೊದಲು ಪಾಸಾಗಿದ್ದು ಏನಾಗಿತ್ತು?” ಅಂದಳು.

ಅವ್ವನ ಪ್ರಶ್ನೆಯನ್ನು ನಗುವಿನಲ್ಲಿ ತೇಲಿಸಲು ನನಗೆ ಮನಸ್ಸಿಲ್ಲ. ನಮ್ಮ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮ ತೆಗೆದು ನೋಡಿ. ಕನ್ನಡಿ ಸರಿಪಡಿಸಿಕೊಳ್ಳುವುದು, ಹೊರಡುವ ಮುಂಚಿನ ಎಚ್ಚರ, ಓವರ್‌ಟೇಕ್, ತಿರುವು, ಪಾದಚಾರಿಗಳ ಬಗೆಗಿನ ಕಾಳಜಿ, ಎಲ್ಲವನ್ನೂ ಪರೀಕ್ಷಿಸಬೇಕೆಂದು ಅದರಲ್ಲಿ ಬರೆದಿದೆ. ಮಿಲ್ಟನ್ ಕೀನ್ಸಿನಲ್ಲಿ ನನ್ನನ್ನು ಕೇಳಿದ್ದರಲ್ಲಿ ಹೆಚ್ಚಿನದು ಅದರಲ್ಲೂ ಇದೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ನಿಯಮಕ್ಕೆ ಕೊರತೆಯಿಲ್ಲದ ದೇಶದಲ್ಲಿ ಇಷ್ಟು ಜನ ಸಾಯುತ್ತಿದ್ದರೆ, ಬರೆದದ್ದನ್ನು ನಡುರಸ್ತೆಯಲ್ಲಿ ನಲವತ್ತು ನಿಮಿಷ ಕೂತು ನೋಡುವ ಪುರುಸೊತ್ತು ಮಾಡಿಕೊಳ್ಳಲೇಬೇಕು.

ಮಾನ್ವಿ, ದೇವದುರ್ಗದ ಕಡೆಯಿಂದ ಹೊರಡುವ ಹುಡುಗ ಹುಡುಗಿಯರಿಗೆ ಒಂದು ಮಾತು. ಊರಿನ ಲೈಸೆನ್ಸನ್ನು ನವೀಕರಿಸಿಕೊಂಡು ಹೋಗಿ. ಫಾರಂ 4ಎ ತುಂಬಿ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಪರವಾನಗಿ ಪುಸ್ತಿಕೆ ಮಾಡಿಸಿ. 1949ರ ಜಿನೀವಾ ಒಪ್ಪಂದದ ಪ್ರಕಾರದ್ದು, ಒಂದು ವರ್ಷ ನಡೆಯುತ್ತದೆ, ಮೂಲ ಕಾರ್ಡು ಜೊತೆಗಿಲ್ಲದಿದ್ದರೆ ಬೆಲೆಯಿಲ್ಲ. ಬ್ರಿಟನ್ನಿಗೆ ಹೋಗುವವರು 12 ತಿಂಗಳು ಮುಗಿಯಲಿ ಎಂದು ಕಾಯಬೇಡಿ. ಹೋದ ಹೊಸದರಲ್ಲೇ ಪ್ರಾವಿಷನಲ್‌ಗೆ ಅರ್ಜಿ ಹಾಕಿ, ಟೆಸ್ಟಿನ ತಾರೀಖು ಸಿಗಲು ಅಲ್ಲಿ ತಿಂಗಳುಗಟ್ಟಲೆ ಹಿಡಿಯುತ್ತದೆ.