ಮೊನ್ನೆ ಕೊಂಡದ್ದು

ಹೊಸ ವಸ್ತುವನ್ನು ಹಳತು ಮಾಡುವುದು ಬಳಕೆ ಎಂದೇ ಹಿರಿಯರು ನಂಬಿದ್ದರು. ಬಟ್ಟೆ ಸವೆಯುತ್ತದೆ, ಪಾತ್ರೆ ನೆಗ್ಗುತ್ತದೆ, ಎತ್ತಿಗೆ ವಯಸ್ಸಾಗುತ್ತದೆ. ಆಗ ಹಳೆಯದನ್ನು ಕೊಟ್ಟು, ಮೇಲಿಷ್ಟು ಹಣ ಸೇರಿಸಿ ಹೊಸದನ್ನು ತರುವುದು ಸಂಸಾರದ ನೀತಿ. ಆದರೆ ಎಳ್ಳಷ್ಟೂ ಸವೆಯದೆ, ಮೈಮೇಲೊಂದು ಗೀರೂ ಬೀಳದೆ, ತಂದ ಪೆಟ್ಟಿಗೆ ಇನ್ನೂ ಅಟ್ಟ ಸೇರುವ ಮೊದಲೇ ಹಳತಾಗಿಬಿಡುವ ವಸ್ತುವೊಂದು ಈಗ ಮನೆಗಳಿಗೆ ಬಂದಿದೆ. ಅದರ ಹೆಸರು ಗ್ರಾಫಿಕ್ಸ್ ಕಾರ್ಡು.

ಕಂಪ್ಯೂಟರಿನ ಪರದೆಯ ಮೇಲೆ ಮೂಡುವ ಚಿತ್ರಗಳ ಲೆಕ್ಕವನ್ನೆಲ್ಲ ಮಾಡುವ ಅಂಗ ಇದು. 1999ರಲ್ಲಿ ಅಮೆರಿಕದ ಎನ್‌ವಿಡಿಯಾ ಸಂಸ್ಥೆ ಜಿಫೋರ್ಸ್ 256 ಎಂಬುದನ್ನು ಹೊರತಂದು, 'ಜಿಪಿಯು' ಎಂಬ ಹೆಸರನ್ನು ಲೋಕಕ್ಕೆಲ್ಲ ಪರಿಚಯಿಸಿತು. ಅಲ್ಲಿಂದೀಚೆಗೆ ಒಂದರ ಬೆನ್ನಿಗೆ ಒಂದರಂತೆ ಹೊಸ ಪೀಳಿಗೆಗಳು ಹುಟ್ಟುತ್ತಲೇ ಇವೆ.

ಚನ್ನರಾಯಪಟ್ಟಣದ ತರುಣನೊಬ್ಬ ಮದುವೆಗಳ ವಿಡಿಯೋ ಸಂಕಲನ ಮಾಡಿ ನಾಲ್ಕು ಕಾಸು ಸಂಪಾದಿಸುವವನು. 2023ರ ದೀಪಾವಳಿಗೆ ಬೆಂಗಳೂರಿಗೆ ಬಸ್ಸು ಹತ್ತಿ, ಎಸ್.ಪಿ. ರಸ್ತೆಯಿಂದ ಆರ್‌ಟಿಎಕ್ಸ್ 4070 ಎಂಬ ಕಾರ್ಡನ್ನು ಹೊತ್ತು ತಂದ. ಕೊಟ್ಟದ್ದು 58,000 ರೂಪಾಯಿ. ಅದರಲ್ಲಿ ಅರ್ಧ ಅವನ ದುಡಿಮೆ. ಉಳಿದರ್ಧ ತಂದೆಯ ತೋಟದ ಕೊಬ್ಬರಿಯ ಹಣ. ಕೊಬ್ಬರಿಯ ಬೆಲೆ ನೆಲಕಚ್ಚಿದ್ದ ವರ್ಷ ಅದು. ತೋಟದ ಮೋಟಾರು ರಿಪೇರಿಯನ್ನು ಮುಂದಕ್ಕೆ ಹಾಕಿ ತಂದೆ ಆ ಹಣ ಕೊಟ್ಟಿದ್ದರು.

ಎರಡು ತಿಂಗಳು ಎಲ್ಲವೂ ಚೆನ್ನಾಗಿತ್ತು. 2024ರ ಜನವರಿ 17ರಂದು 4070 ಸೂಪರ್ ಎಂಬುದು ಮಾರುಕಟ್ಟೆಗೆ ಬಂತು. ಒಂಬತ್ತು ತಿಂಗಳ ಹಿಂದೆ 4070 ಬಿಡುಗಡೆಯಾದಾಗ ಅದರ ಬೆಲೆ 599 ಡಾಲರು. ಸೂಪರಿಗೂ ಅದೇ 599. ಹಳೆಯದರಲ್ಲಿ 5,888 ಕೋರ್‌ಗಳು, ಹೊಸದರಲ್ಲಿ 7,168. ಮೆಮೊರಿ ಮಾತ್ರ ಎರಡರಲ್ಲೂ 12 ಜಿಬಿಯೇ. ಸಾಲದುದಕ್ಕೆ ಸಂಸ್ಥೆ ಹಳೆಯದರ ಬೆಲೆಯನ್ನು 549 ಡಾಲರಿಗೆ ಇಳಿಸಿತು. ಅಂದು ರಾತ್ರಿ ತರುಣನಿಗೆ ಊಟ ರುಚಿಸಲಿಲ್ಲ. ಮೇಜಿನ ಮೇಲಿನ ಕಾರ್ಡು ನಿನ್ನೆ ಎಷ್ಟು ವೇಗವಾಗಿತ್ತೋ ಇಂದೂ ಅಷ್ಟೇ ವೇಗವಾಗಿತ್ತು. ಕಡಿಮೆಯಾದದ್ದು ಅವನ ನೆಮ್ಮದಿ ಮಾತ್ರ.

ಈ ಕೊರಗು ವ್ಯಾಪಾರಿಗಳಿಗೆ ತಿಳಿಯದ್ದಲ್ಲ. ಅಮೆರಿಕದ ಇವಿಜಿಎ ಎಂಬ ಸಂಸ್ಥೆ, ಕೊಂಡ 90 ದಿನಗಳೊಳಗಾದರೆ ಕಾರ್ಡನ್ನು ಹಿಂದಿರುಗಿಸಿ, ಬೆಲೆಯ ವ್ಯತ್ಯಾಸವನ್ನಷ್ಟೇ ಕಟ್ಟಿ ಮೇಲಿನದನ್ನು ಪಡೆಯುವ ಏರ್ಪಾಟನ್ನೇ ಇಟ್ಟುಕೊಂಡಿತ್ತು. ಆ ಸಂಸ್ಥೆಯೂ 2022ರ ಸೆಪ್ಟೆಂಬರಿನಲ್ಲಿ ಈ ವ್ಯಾಪಾರಕ್ಕೆ ಶರಣು ಹೊಡೆಯಿತು. ಚನ್ನರಾಯಪಟ್ಟಣದವನಿಗೆ ಉಳಿದದ್ದು ಮತ್ತೆ ಬೆಂಗಳೂರಿನ ಅಂಗಡಿಯೇ. ಕಾರ್ಡು ಕೊಟ್ಟು ಮೇಲೆ 17,000 ಕೊಟ್ಟರೆ ಸೂಪರ್ ಕೊಡುವುದಾಗಿ ಅಂಗಡಿಯವನು ಫೋನಿನಲ್ಲಿ ಹೇಳಿದ. ಅದೂ ಕಾರ್ಡನ್ನು ಕಣ್ಣಾರೆ ನೋಡಿದ ಮೇಲೆ. ಅವನ ಸಂಶಯಕ್ಕೂ ಕಾರಣವಿತ್ತು. ಈಥೀರಿಯಮ್ ಎಂಬ ಡಿಜಿಟಲ್ ನಾಣ್ಯವನ್ನು ಸಂಪಾದಿಸಲು ಹಗಲಿರುಳು ದುಡಿಸಿದ್ದ ಕಾರ್ಡುಗಳು, 2022ರಲ್ಲಿ ಆ ದಾರಿ ಮುಚ್ಚಿಹೋದ ಮೇಲೆ, ಸಂತೆಗೆ ಬಂದು ಬಿದ್ದಿದ್ದವು. ಮೇಲ್ನೋಟಕ್ಕೆ ಹೊಸದು, ಒಳಗೆಷ್ಟು ದಣಿದಿದೆಯೋ ಬಲ್ಲವರಾರು?

ಎತ್ತಿನ ವ್ಯಾಪಾರದಲ್ಲಿ ಈ ತೊಡಕಿಲ್ಲ. ಹಿರೀಸಾವೆ ಹೋಬಳಿಯ ಬೂಕನಬೆಟ್ಟದಲ್ಲಿ ಸಂಕ್ರಾಂತಿಯ ಆಸುಪಾಸಿನಲ್ಲಿ ದನಗಳ ಜಾತ್ರೆ ಸೇರುತ್ತದೆ. ಅಲ್ಲಿ ಕೊಳ್ಳುವವನು ಹಳ್ಳಿಕಾರ್ ಹೋರಿಯ ಬಾಯಿ ಬಿಡಿಸಿ ಹಲ್ಲೆಣಿಸುತ್ತಾನೆ, ನಡೆಸಿ ನೋಡುತ್ತಾನೆ, ಟವೆಲಿನ ಮರೆಯಲ್ಲಿ ದಲ್ಲಾಳಿಯ ಬೆರಳು ಹಿಡಿದು ಬೆಲೆ ಕಟ್ಟುತ್ತಾನೆ. ಒಂದು ಜೋಡಿಯನ್ನು ಕೊಟ್ಟು ಇನ್ನೊಂದನ್ನು ಹೊಡೆದುಕೊಂಡು ಬರುವವರೂ ಉಂಟು. ತರುಣನ ತಂದೆ ಪ್ರಾಯದಲ್ಲಿ ಆ ಜಾತ್ರೆಯಲ್ಲಿ ಹಲವು ಜೋಡಿ ಬದಲಾಯಿಸಿದವರೇ. ಮಗನ ಮಾತನ್ನೆಲ್ಲ ಕೇಳಿ ಅವರು ಬಯ್ಯಲಿಲ್ಲ.

"ಈಗಿರೋದು ಕುಂಟ್ತಾ ಇದೆಯೇನಪ್ಪಾ?" ಎಂದರು.

"ಇಲ್ಲಪ್ಪ, ಚೆನ್ನಾಗೇ ಇದೆ."

"ಅದರಿಂದಾಗದ ಕೆಲಸ ಯಾವುದಾದರೂ ಬಂದಿದೆಯಾ?"

ಮಗ ಲೆಕ್ಕ ಹಾಕಿದ. ಒಂದು ಗಂಟೆ ಹಿಡಿಯುವ ಕೆಲಸದಲ್ಲಿ ಹೆಚ್ಚೆಂದರೆ ಹತ್ತು ನಿಮಿಷ ಉಳಿದೀತು. ಆ ಹತ್ತು ನಿಮಿಷಕ್ಕೆ 17,000. ಒಲೆಯ ಮುಂದಿದ್ದ ತಾಯಿಯೂ ತಮ್ಮ ಅನುಭವ ಸೇರಿಸಿದರು: ಬಳೆ ಕೊಟ್ಟು ಬಳೆ ಮಾಡಿಸಿದರೆ ಚಿನ್ನ ಅಷ್ಟೇ ಇರುತ್ತದೆ, ಪ್ರತಿ ಸಲವೂ ಹೋಗುವುದು ಮಜೂರಿ ಮತ್ತು ವೇಸ್ಟೇಜು.

ಬದಲಾಯಿಸುವುದೇ ತಪ್ಪೆಂದು ಆ ಮನೆಯಲ್ಲಿ ಯಾರೂ ಹೇಳಲಿಲ್ಲ. ಎತ್ತು ನೊಗಕ್ಕೆ ಸಾಲದಾದಾಗ ಕೊಡದೆ ಕಟ್ಟಿಕೊಂಡವನನ್ನು ಯಾವ ಜಾತ್ರೆಯಲ್ಲೂ ಜಾಣನೆಂದು ಕರೆದದ್ದಿಲ್ಲ. ಕಾರ್ಡಿಗೂ ಅದೇ ಮಾತು. ಮಾಡಬೇಕಾದ ಕೆಲಸಕ್ಕೆ ಮೆಮೊರಿ ಸಾಲದಿದ್ದರೆ, ಒಪ್ಪಿಕೊಂಡ ಗಡುವು ತಪ್ಪುತ್ತಿದ್ದರೆ, ಮೇಲೆ ಕೊಡುವ ಹಣ ದುಡಿಮೆಗೆ ಹಾಕಿದ ಬಂಡವಾಳವಾಗುತ್ತದೆ. ಪಕ್ಕದವನ ಕೊಟ್ಟಿಗೆ ನೋಡಿ ಕೊಡುವ ಹಣಕ್ಕೆ ಆ ಹೆಸರು ಸಲ್ಲದು.

ತರುಣ ಬೆಂಗಳೂರಿನ ಬಸ್ಸು ಹತ್ತಲಿಲ್ಲ. ಆ ವರ್ಷದ ಲಗ್ನಗಳ ಸಂಪಾದನೆಯಲ್ಲಿ ಮೊದಲು ರಿಪೇರಿಯಾದದ್ದು ತೋಟದ ಮೋಟಾರು. 2025ರ ಜನವರಿಯಲ್ಲಿ ಎನ್‌ವಿಡಿಯಾ 5070ನ್ನು ಘೋಷಿಸಿತು. ಬೆಲೆ 549 ಡಾಲರು. ಹಿಂದಿನ ವರ್ಷ ಅವಸರದಿಂದ ಸೂಪರಿಗೆ ಬದಲಾಯಿಸಿಕೊಂಡಿದ್ದ ಅವನ ಗೆಳೆಯನೊಬ್ಬ ಅಂದು ಸಂಜೆ ಫೋನು ಮಾಡಿ, ತನ್ನ ಕಾರ್ಡಿಗೆ ಈಗೆಷ್ಟು ಬಂದೀತೆಂದು ವಿಚಾರಿಸಿದ. ತರುಣ ತನಗೆ ತಿಳಿದ ಬೆಲೆ ಹೇಳಿ, ಅರ್ಧಕ್ಕೆ ನಿಲ್ಲಿಸಿದ್ದ ಧಾರೆಯ ದೃಶ್ಯದ ಸಂಕಲನಕ್ಕೆ ಮತ್ತೆ ಕುಳಿತ.