ಗ್ರಹಣವಲ್ಲ, ಇಪ್ಪತ್ತೆಂಟು ದಿನಗಳು

ಮಗು ಬೆನ್ನುಹುರಿಯ ದೋಷದೊಂದಿಗೆ ಹುಟ್ಟಿದರೆ ಮೊದಲ ಬೆರಳು ತಾಯಿಯ ಕಡೆಗೇ. ಗ್ರಹಣದ ದಿನ ಹೊರಗೆ ಬಂದಳಂತೆ, ಕತ್ತರಿ ಹಿಡಿದಳಂತೆ! ಬಿಟಿಎಂ ಲೇಔಟಿನ ಬಂಧುಗಳ ಮನೆಯಲ್ಲೂ ನಾವು ಕೇಳಿದ್ದು ಇದನ್ನೇ.

ಜಯನಗರಕ್ಕೆ ಹತ್ತಿರದ ನಿಮ್ಹಾನ್ಸ್‌ನಲ್ಲಿ ಮೆದುಳಿನ ವಸ್ತುಸಂಗ್ರಹಾಲಯವಿದೆ. ಅಲ್ಲಿ ಕಾಣುವ ಮೆದುಳೂ ಮೊದಲು ಜೀವಕೋಶಗಳ ಒಂದು ಹಾಳೆಯಷ್ಟೇ. ಅದು ಮಡಚಿ, ಅಂಚುಗಳು ಕೂಡಿ ನರನಾಳವಾಗುತ್ತದೆ. ಹೊಟ್ಟೆಯ ಕಡೆಯಿಂದ 'ಸಾನಿಕ್ ಹೆಡ್ಜ್‌ಹಾಗ್' ಜೀನಿನ ಪ್ರೋಟೀನು, ಬೆನ್ನಿನ ಕಡೆಯಿಂದ ಬಿಎಂಪಿ ಪ್ರೋಟೀನುಗಳು ಸಂದೇಶವಾಗಿ ಹರಡುತ್ತವೆ. ಯಾವುದು ಎಷ್ಟು ತಲುಪಿತು ಎಂಬುದನ್ನು ನೋಡಿ ಒಂದು ಕೋಶ ಸ್ನಾಯು ನಡೆಸುವ ನರಕೋಶವಾಗುತ್ತದೆ, ಇನ್ನೊಂದು ಸ್ಪರ್ಶದ ಸುದ್ದಿ ಒಯ್ಯುವ ಬಳಗ ಸೇರುತ್ತದೆ. 1996ರಲ್ಲಿ ವಿಜ್ಞಾನಿಗಳು ಇಲಿಗಳಲ್ಲಿ ಆ ಹೆಡ್ಜ್‌ಹಾಗ್ ಜೀನನ್ನು ಕೆಡಿಸಿದಾಗ ಭ್ರೂಣದ ಮೆದುಳು ಎರಡಾಗಿ ಬೇರ್ಪಡಲಿಲ್ಲ, ಎರಡು ಕಣ್ಣುಗಳೂ ಮೂಡಲಿಲ್ಲ.

ಮನುಷ್ಯರಲ್ಲಿ ಈ ನಾಳ ಗರ್ಭಧಾರಣೆಯ ಸುಮಾರು 28 ದಿನಗಳೊಳಗೆ ಮುಚ್ಚಬೇಕು. ಎಷ್ಟೋ ಹೆಂಗಸರಿಗೆ ಆಗಿನ್ನೂ ಬಸಿರೆಂದೇ ತಿಳಿದಿರುವುದಿಲ್ಲ. ಮುಚ್ಚದೆ ಉಳಿದರೆ ಬೆನ್ನುಹುರಿಯ ದೋಷ. ಗರ್ಭ ನಿಲ್ಲುವ ಮೊದಲೇ ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಸೇವಿಸಿದರೆ ಈ ಅಪಾಯ ಬಹಳಷ್ಟು ತಗ್ಗುತ್ತದೆ; ಪೂರ್ತಿ ಇಲ್ಲವಾಗುವುದಿಲ್ಲ. ಆದ್ದರಿಂದ ಹೊಸ ಸೊಸೆಗೆ ಗ್ರಹಣದ ಭಯ ಹೇಳಿಕೊಡುವ ಬದಲು ಈ ಮಾತ್ರೆಯ ವಿಷಯ ಹೇಳೋಣ. ಅದಾಗಿಯೂ ದೋಷ ಬಂದರೆ ತಾಯಿಯನ್ನು ಕಟಕಟೆಗೆ ನಿಲ್ಲಿಸದಿರೋಣ.