ಅಂಚು ಮಡಚಿದ ತಗಡು

ರೋಬೋ ಸ್ಪರ್ಧೆ ಅಂದರೆ ಎಲ್ಲರ ಕಣ್ಣು ಅದರ ಕೈ ಮೇಲೆ. ಚೆಂಡು ಎತ್ತಬೇಕು, ಎಸೆಯಬೇಕು. ಆದರೆ ಸರಿಯಾಗಿ ಓಡದ ರೋಬೋ ಎಸೆಯುವುದಾದರೂ ಏನನ್ನು? ಹುಬ್ಬಳ್ಳಿಯ ಕಾಲೇಜೊಂದರ ನಮ್ಮ ತಂಡದಲ್ಲಿ ಇಂಜಿನಿಯರಿಂಗ್ ಓದುವವರ ಜೊತೆ, ವರದಿ ಬರೆಯಲೆಂದು ಪತ್ರಿಕೋದ್ಯಮದ ನಾವಿಬ್ಬರೂ ಇದ್ದೆವು. ಎಲ್ಲರೂ ಹಳ್ಳಿಯವರೇ. ದಪ್ಪ ಅಲ್ಯೂಮಿನಿಯಂ ಕೊರೆಸುವಷ್ಟು ದುಡ್ಡಿರಲಿಲ್ಲ. ಗಾಲಿ, ಮೋಟಾರು, ಚೈನು ಕೂರುವ ಚೌಕಟ್ಟನ್ನು ತಗಡಿನಲ್ಲೇ ಮಾಡುವುದೆಂದು ತೀರ್ಮಾನಿಸಿದೆವು.

ದಾರಿ ಹೊಸದಲ್ಲ. ಅಮೆರಿಕದಲ್ಲಿ 1992ರಲ್ಲಿ ಶುರುವಾದ ಫಸ್ಟ್ ರೊಬಾಟಿಕ್ಸ್ ಸ್ಪರ್ಧೆಯಲ್ಲಿ ಹೈಸ್ಕೂಲು ತಂಡಗಳೇ ಇಂಥ ಆರು ಗಾಲಿಯ ಚೌಕಟ್ಟು ಮಾಡುತ್ತವೆ. ಅವರದೊಂದು ಉಪಾಯ ನಮಗೆ ಹಿಡಿಸಿತು: ನಡುವಿನ ಗಾಲಿಗಳನ್ನು ಸುಮಾರು 3 ಮಿ.ಮೀ. ಕೆಳಗಿಡುವುದು. ಆಗ ಒಂದು ಸಲಕ್ಕೆ ನಾಲ್ಕೇ ಗಾಲಿಗಳ ಮೇಲೆ ಭಾರ ಬೀಳುತ್ತದೆ. ತಿರುಗುವಾಗ ನೆಲಕ್ಕೆ ಉಜ್ಜುವುದು ಕಡಿಮೆ, ಮೋಟಾರಿಗೆ ತ್ರಾಸೂ ಕಡಿಮೆ.

ಪ್ರಶ್ನೆ ಇದ್ದದ್ದು ತಗಡಿನದು. 2 ಮಿ.ಮೀ. ತಗಡು ಡಿಕ್ಕಿ ತಡೆದೀತೇ? ಪೇಟೆಯಲ್ಲಿ ಟ್ರಂಕು ಮಾಡುವ ಕಾಕಾನನ್ನು ಕೇಳಿದೆವು. "ದಪ್ಪ ಇದ್ರ ಗಟ್ಟಿ ಅಂತ ಯಾರು ಹೇಳಿದ್ರು ತಮ್ಮಾ? ಅಂಚು ಮಡಚಿದ್ರ ಗಟ್ಟಿ ಆಗ್ತದ" ಎಂದರು.

ಲೆಕ್ಕ ಹಾಕಿದೆವು. 100 ಮಿ.ಮೀ. ಅಗಲದ ಪಟ್ಟಿಯ ದಪ್ಪ ಎರಡು ಪಟ್ಟಾದರೆ ತೂಕವೂ ಎರಡು ಪಟ್ಟು, ಬಾಗದೆ ನಿಲ್ಲುವ ಗುಣ ಎಂಟು ಪಟ್ಟು. ಅದೇ 2 ಮಿ.ಮೀ. ಪಟ್ಟಿಗೆ 25 ಮಿ.ಮೀ. ಅಂಚು ಮಡಚಿದರೆ ತೂಕ ಕಾಲು ಭಾಗ ಮಾತ್ರ ಹೆಚ್ಚು, ಗಟ್ಟಿತನ ಎಂಟು ಪಟ್ಟಿಗಿಂತ ಎಷ್ಟೋ ಮೇಲೆ.

ಮಡಚುವುದಕ್ಕೂ ಕ್ರಮವಿದೆ. 6061 ಟಿ6 ಅಲ್ಯೂಮಿನಿಯಂ ಬಿಗಿಯಾಗಿ ಮಡಚಿದರೆ ಬಿರುಕು ಬಿಡುತ್ತದೆ, 5052 ಬಾಗುತ್ತದೆ. ಮಡಿಕೆಗೆ ತೀರ ಹತ್ತಿರ ತೂತು ಕೊರೆದರೆ ಅದು ಮೊಟ್ಟೆಯಾಕಾರಕ್ಕೆ ಎಳೆದುಕೊಳ್ಳುತ್ತದೆ, ಬೇರಿಂಗ್ ಕೂರುವುದಿಲ್ಲ. 2 ಮಿ.ಮೀ. ತಗಡನ್ನು ಅಷ್ಟೇ ಒಳತ್ರಿಜ್ಯದಲ್ಲಿ 90 ಡಿಗ್ರಿ ಮಡಚುವಾಗ, ಹೊರ ಅಳತೆಗಳ ಮೊತ್ತದಿಂದ ಸುಮಾರು 3.5 ಮಿ.ಮೀ. ಕಳೆದು ಕತ್ತರಿಸಬೇಕು. ಇಷ್ಟನ್ನೂ ನಕ್ಷೆಯಲ್ಲಿ ಬರೆದು, ಗೋಕುಲ ರಸ್ತೆಯ ವರ್ಕ್‌ಶಾಪಿನಲ್ಲಿ ಲೇಸರ್‌ನಿಂದ ಕತ್ತರಿಸಿ ಮಡಚಿಸಿದೆವು.

ಡಿಕ್ಕಿ ಹೊಡೆದರೂ ಚೌಕಟ್ಟು ಸೊಟ್ಟಗಾಗಲಿಲ್ಲ.

ವರದಿಯಲ್ಲಿ ಸೂತ್ರದ ಪಕ್ಕ ಕಾಕಾನ ಮಾತನ್ನೂ ಬರೆದೆವು. ಪುಸ್ತಕದ ಹೆಸರಿದ್ದರೆ ಸಾಕು ಎಂದವರಿದ್ದರು. ಕಸುಬಿನವರು ಬಲ್ಲದ್ದನ್ನು ಅವರದೇ ಎಂದು ಬರೆದಿಡುವುದು ನಾವು ಓದಿದ ವಿದ್ಯೆ. ಅದನ್ನು ಬಿಟ್ಟರೆ ನಾವು ಆ ತಂಡದಲ್ಲಿ ಇದ್ದದ್ದಾದರೂ ಏಕೆ?